ತಿಂಡಿ ತಿಂದು ಬಂದಿರಾ?



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಊಟ ಬಲ್ಲವನು ಎಂದರೆ ಹೆಚ್ಚು ತಿನ್ನುವವನು ಅಂತ ಅಲ್ಲ. ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ತಿಳಿದವನು. ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ಬೆಳಗಿನ ತಿಂಡಿ. ಅದಕ್ಕೊಂದು ಕಾರಣ ಇದೆ.

ಹೋದ ತಿಂಗಳು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಮ್ಮ ಸಾಲಿನಲ್ಲಿದ್ದ ಗೆಳತಿಯೊಬ್ಬಳು ನಾಡಗೀತೆ ಮುಗಿಯುವ ಮೊದಲೇ ಕುಸಿದು ಕುಳಿತಳು. ಮುಖವೆಲ್ಲ ಬೆವರು, ಕೈ ತಣ್ಣಗಾಗಿತ್ತು. ಟೀಚರ್ ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿ, "ತಿಂಡಿ ತಿಂದ್ಯೇನಮ್ಮಾ?" ಎಂದು ಕೇಳಿದರು. ಅವಳು "ಹ್ಞೂಂ ಮಿಸ್" ಅಂದಳು. ಮಧ್ಯಾಹ್ನ ನನ್ನ ಹತ್ತಿರ ಮಾತ್ರ ನಿಜ ಹೇಳಿದಳು. ಅವಳ ಅಮ್ಮ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೊರಡುತ್ತಾರೆ. ಅಪ್ಪ ಅದಕ್ಕೂ ಮುಂಚೆ ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ಮೂಟೆ ಹೊರಲು ಹೋಗುತ್ತಾರೆ. ತಮ್ಮನನ್ನು ಎಬ್ಬಿಸಿ ಸ್ನಾನ ಮಾಡಿಸಿ ತಾನು ಹೊರಡುವಷ್ಟರಲ್ಲಿ ಗಂಟೆ ಒಂಬತ್ತಾಗಿರುತ್ತದೆ. ಒಲೆ ಹಚ್ಚುವವರು ಯಾರು?

ಉಪವಾಸದ ಲೆಕ್ಕ

ಬನ್ನಿ, ಒಂದು ಸಣ್ಣ ಲೆಕ್ಕ ಮಾಡೋಣ. ರಾತ್ರಿ ಊಟ ಎಂಟೂವರೆಗೆ ಆಯಿತು ಎಂದುಕೊಳ್ಳಿ. ಬೆಳಿಗ್ಗೆ ಏನೂ ತಿನ್ನದೆ ಬಂದು, ಮಧ್ಯಾಹ್ನ ಒಂದೂವರೆಗೆ ಬಿಸಿಯೂಟಕ್ಕೆ ಕುಳಿತರೆ ನಡುವೆ ಎಷ್ಟು ಗಂಟೆ? 17 ಗಂಟೆ! ಮೊದಲ ಪಿರಿಯಡ್ ಗಣಿತ, ಎರಡನೆಯದು ವಿಜ್ಞಾನ, ಆಮೇಲೆ ಇಂಗ್ಲಿಷ್. ಕಷ್ಟದ ಪಾಠಗಳೆಲ್ಲ ಈ 17 ಗಂಟೆಯ ಕೊನೆಯ ಭಾಗದಲ್ಲೇ ಬರುತ್ತವೆ.

ಆಗ ದೇಹದೊಳಗೆ ಏನಾಗುತ್ತದೆ? ನಾವು ತಿಂದ ಅನ್ನ, ಮುದ್ದೆ, ಚಪಾತಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಹೆಚ್ಚಾದದ್ದರಲ್ಲಿ ಒಂದು ಪಾಲನ್ನು ಪಿತ್ತಜನಕಾಂಗವು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಇದು ಮನೆಯ ಹುಂಡಿ ಇದ್ದ ಹಾಗೆ. ನಾವು ಮಲಗಿದ್ದಾಗಲೂ ಹೃದಯ, ಶ್ವಾಸಕೋಶ, ಮೆದುಳು ಕೆಲಸ ಮಾಡುತ್ತಲೇ ಇರುವುದರಿಂದ ರಾತ್ರಿಯೆಲ್ಲ ಈ ಹುಂಡಿಯಿಂದ ಖರ್ಚು ನಡೆಯುತ್ತದೆ. ಬೆಳಗಾಗುವ ಹೊತ್ತಿಗೆ ಅದು ಬಹಳಷ್ಟು ಖಾಲಿಯಾಗಿರುತ್ತದೆ. ಆಮೇಲೆ ದೇಹ ಕೊಬ್ಬನ್ನೂ ಸ್ನಾಯುವಿನ ಪ್ರೋಟೀನನ್ನೂ ಕರಗಿಸಿ ನಿಭಾಯಿಸಲು ನೋಡುತ್ತದೆ.

ದೊಡ್ಡವರ ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು. ಆದರೆ ಅದು ಬಳಸುವ ಶಕ್ತಿ ಸುಮಾರು ನೂರಕ್ಕೆ 20 ಪಾಲು. ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ನಮ್ಮ ಹುಂಡಿ ಚಿಕ್ಕದು, ಖರ್ಚು ದೊಡ್ಡದು. ಅದಕ್ಕೇ ದೊಡ್ಡವರಿಗಿಂತ ಮಕ್ಕಳಿಗೆ ಬೆಳಗಿನ ಹಸಿವು ಬೇಗ ತಟ್ಟುತ್ತದೆ. ತಲೆ ಸುತ್ತುವುದು, ಆಕಳಿಕೆ, ಸಿಟ್ಟು, ಬೋರ್ಡ್ ಮೇಲೆ ಬರೆದದ್ದು ಮನಸ್ಸಿಗೆ ಹತ್ತದಿರುವುದು ಇವೆಲ್ಲ ಹಸಿವಿನಿಂದಲೂ ಬರಬಹುದು. ಎಲ್ಲದಕ್ಕೂ ಸೋಮಾರಿತನ ಎಂಬ ಹೆಸರು ಸರಿಯಲ್ಲ.

ಪರೀಕ್ಷೆ ಮಾಡಿ ನೋಡಿದ್ದಾರೆ

ಇದು ಬರೀ ಬಾಯಿಮಾತೇ? ಅಲ್ಲ. ಕ್ರಿಕೆಟ್‌ನ ವೆಸ್ಟ್ ಇಂಡೀಸ್ ತಂಡ ನಮಗೆಲ್ಲ ಗೊತ್ತು. ಆ ದ್ವೀಪಗಳಲ್ಲಿ ಒಂದಾದ ಜಮೈಕಾದ 16 ಹಳ್ಳಿ ಶಾಲೆಗಳಲ್ಲಿ 814 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಒಂದು ವರ್ಷ ಶಾಲೆಯ ದಿನಗಳಲ್ಲಿ ತಿಂಡಿ, ಉಳಿದವರಿಗೆ ಕಿತ್ತಳೆ ಹಣ್ಣಿನ ಕಾಲು ಭಾಗ. ವರ್ಷದ ಕೊನೆಗೆ ತಿಂಡಿ ತಿಂದವರ ತೂಕ, ಎತ್ತರ, ಹಾಜರಿ ಮೂರೂ ಸ್ವಲ್ಪ ಸ್ವಲ್ಪ ಮೇಲಿದ್ದವು. ಅವರಲ್ಲಿ ಚಿಕ್ಕ ತರಗತಿಯವರು ಲೆಕ್ಕದಲ್ಲೂ ಮುಂದೆ ಬಂದಿದ್ದರು. ಅದೇ ದೇಶದಲ್ಲಿ ನಡೆದು 1989ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮೊದಲೇ ಸೊರಗಿದ ಮಕ್ಕಳಿಗೆ ತಿಂಡಿ ತಪ್ಪಿದರೆ ಪೆಟ್ಟು ಹೆಚ್ಚು ಎಂದು ತೋರಿಸಿತು.

ಆದರೆ ಒಂದು ಮಾತು. ದೊಡ್ಡವರ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮ ಹೇಳಲು ಬರುವುದಿಲ್ಲ. ತಿಂಡಿ ತಿಂದರೆ ತೂಕ ಇಳಿಯುತ್ತದೆ ಎಂಬ ಮಾತನ್ನು 13 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2019ರಲ್ಲಿ ಪರಿಶೀಲಿಸಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಏಕಾದಶಿ, ರಂಜಾನ್ ಉಪವಾಸ ಮಾಡುವ ಆರೋಗ್ಯವಂತ ದೊಡ್ಡವರಿಗೆ ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ಅಪಾಯವೇನೂ ಆಗದು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು. ಆದರೆ ಬೆಳೆಯುವ ಮಕ್ಕಳಾದ ನಾವು ದಿನಾ ಹಸಿದು ಬರುವುದು ಬೇರೆಯೇ ವಿಷಯ.

ಅಜ್ಜಿ ಹೇಳಿದ ಮಾತು

ತಿಂಡಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಹೋಟೆಲಿನ ಇಡ್ಲಿ, ಮಸಾಲೆ ದೋಸೆ. ನಮ್ಮಜ್ಜಿಯನ್ನು ಕೇಳಿದೆ. "ನಮ್ ಕಾಲ್ದಲ್ಲಿ ಇಡ್ಲಿ ದೋಸೆ ಎಲ್ಲಿತ್ತು ಮಗಾ? ಹಬ್ಬಕ್ಕೋ ಹುಣ್ಣಿಮೆಗೋ. ಬೆಳಗ್ಗೆದ್ದು ತಂಗಳು ಮುದ್ದೇನ ಮಜ್ಜಿಗೇಲಿ ಕಿವುಚ್ಕೊಂಡು ಒಂದು ಈರುಳ್ಳಿ ಕಡ್ಕೊಂಡು ಹೊಲಕ್ಕೆ ಹೋಗ್ತಿದ್ವಿ" ಅಂದರು. ಆಗ ವಿದ್ಯಾರಣ್ಯಪುರ, ತಿಂಡ್ಲು, ದೊಡ್ಡಬೊಮ್ಮಸಂದ್ರದ ಸುತ್ತ ಹೊಲಗಳಿದ್ದವಂತೆ. ಈಗ ಬಡಾವಣೆಗಳಾಗಿವೆ. ಹೊಲ ಹೋಯಿತು, ರಾಗಿ ಮಾತ್ರ ಅಂಗಡಿಯಲ್ಲಿ ಸಿಗುತ್ತದೆ. ನಮಗೆ ಹತ್ತಿರದ ಕೃಷಿ ವಿಶ್ವವಿದ್ಯಾಲಯ, ಅಂದರೆ ಜಿ.ಕೆ.ವಿ.ಕೆ., ರಾಗಿಯ ಹೊಸ ತಳಿಗಳಿಗೆ ಹೆಸರಾದದ್ದು.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಮೂಳೆ, ಹಲ್ಲು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಬರೀ ಟೀ ಬಿಸ್ಕತ್ತು ತಿಂಡಿಯಲ್ಲ. ಹೊಟ್ಟೆ ತುಂಬಿದ ಹಾಗೆ ಅನಿಸಿದರೂ ಪೋಷಣೆ ಕಡಿಮೆ. ಜೊತೆಗೆ ಊಟದೊಂದಿಗೆ ಕುಡಿದ ಟೀ, ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ.

ಒಲೆ ಹಚ್ಚದೆ ತಿಂಡಿ

1. ರಾಗಿ ಹುರಿಹಿಟ್ಟು: ರಾಗಿಯನ್ನು ಅರಳು ಹುರಿದು, ಹುರಿಗಡಲೆ ಸೇರಿಸಿ ಬೀಸಿಟ್ಟುಕೊಂಡರೆ ಡಬ್ಬದಲ್ಲಿ ಹಲವು ದಿನ ಇರುತ್ತದೆ. ಬೆಳಿಗ್ಗೆ ಹಾಲಿಗೋ ಕಾಯಿಸಿ ಆರಿಸಿದ ನೀರಿಗೋ ಹಾಕಿ, ಬೆಲ್ಲ ಸೇರಿಸಿ ಕಲಸಿದರೆ ಎರಡೇ ನಿಮಿಷ.

2. ತಂಗಳು: ರಾತ್ರಿಯ ಅನ್ನ ಅಥವಾ ಮುದ್ದೆಯನ್ನು ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿಯೊಂದಿಗೆ. ಹಳಸಿದ ವಾಸನೆ ಬಂದರೆ, ಲೋಳೆಯಾಗಿದ್ದರೆ ತಿನ್ನಬೇಡಿ. ಸೆಖೆಗಾಲದಲ್ಲಿ ಹೆಚ್ಚು ಎಚ್ಚರ.

3. ಬಾಳೆಹಣ್ಣು ಮತ್ತು ಒಂದು ಹಿಡಿ ಕಡಲೆಕಾಯಿ ಬೀಜ.

4. ಗಟ್ಟಿ ಅವಲಕ್ಕಿ ತೊಳೆದು ನೆನೆಸಿ ಮೊಸರಿನೊಂದಿಗೆ.

ಶಾಲೆಯ ಹಾಲು, ರಾಗಿ ಮಾಲ್ಟ್

ನಮ್ಮ ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲೆಡೆ ಬಂತು. 2013ರ ಆಗಸ್ಟ್ 1ರಂದು ಕ್ಷೀರ ಭಾಗ್ಯ ಆರಂಭವಾಗಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಸಿಗತೊಡಗಿತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಯೋಜನೆ ಸೇರಿತು. ನೆರೆಯ ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಆರಂಭವಾಗಿ, 1ರಿಂದ 5ನೇ ತರಗತಿಯವರಿಗೆ ಬೆಳಗಿನ ತಿಂಡಿಯನ್ನೇ ಶಾಲೆಯಲ್ಲಿ ಕೊಡುವ ಯೋಜನೆ ಬಂದಿದೆ. ಸರ್ಕಾರಗಳೇ ಬೆಳಗಿನ ಹಸಿವನ್ನು ಗುರುತಿಸಿವೆ ಎಂದಾಯಿತು. ಆದ್ದರಿಂದ ಹಾಲನ್ನು ಯಾರೂ ಗಿಡದ ಬುಡಕ್ಕೆ ಚೆಲ್ಲಬೇಡಿ. ಆದರೆ ಒಂದು ಲೋಟ ಹಾಲು ಪೂರ್ತಿ ತಿಂಡಿಯ ಬದಲು ಅಲ್ಲ ಎಂಬುದೂ ನೆನಪಿರಲಿ.

ಕೊನೆಯ ಮಾತು

ಗೆಳತಿ "ಹ್ಞೂಂ ಮಿಸ್" ಎಂದು ಸುಳ್ಳು ಹೇಳಿದ್ದೇಕೆ? ನಾಚಿಕೆಯಿಂದ. ಎಲ್ಲರೆದುರು "ತಿಂದಿಲ್ಲ" ಅಂದರೆ ಮನೆಯ ಮರ್ಯಾದೆ ಹೋಗುತ್ತದೆ ಎಂಬ ಭಯ. ಹಸಿವು ನಮ್ಮ ತಪ್ಪಲ್ಲ, ಬೆಳಗಾಗುವ ಮೊದಲೇ ದುಡಿಯಲು ಹೋಗುವ ಅಮ್ಮನ ತಪ್ಪೂ ಅಲ್ಲ. ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಸಾಧ್ಯವಾದರೆ ಹಾಲನ್ನು ಪ್ರಾರ್ಥನೆಗೆ ಮೊದಲೇ ಕೊಡಿಸಿ. ಯಾರಿಗಾದರೂ ಪದೇ ಪದೇ ತಲೆ ಸುತ್ತಿದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು, ಅದು ರಕ್ತಹೀನತೆಯೂ ಇರಬಹುದು.

ಈಗ ನಮ್ಮ ಮನೆಯಲ್ಲಿ ಭಾನುವಾರ ಅಜ್ಜಿ ಹುರಿಹಿಟ್ಟು ಮಾಡುತ್ತಾರೆ. ಒಂದು ಡಬ್ಬ ಗೆಳತಿಯ ಮನೆಗೂ ಹೋಗುತ್ತದೆ. ಅವಳ ತಮ್ಮ ಬೆಲ್ಲ ಜಾಸ್ತಿ ಬೇಕು ಅಂತ ಹಟ ಮಾಡುತ್ತಾನಂತೆ!

ಯೋಚಿಸಿ, ಉತ್ತರಿಸಿ:

1. ನಿನ್ನೆ ರಾತ್ರಿಯ ಊಟಕ್ಕೂ ಇಂದಿನ ಮೊದಲ ತುತ್ತಿಗೂ ನಡುವೆ ನಿಮಗೆ ಎಷ್ಟು ಗಂಟೆ ಆಯಿತು?
2. ನಿಮ್ಮ ಅಜ್ಜಿ ತಾತ ಚಿಕ್ಕವರಿದ್ದಾಗ ಬೆಳಿಗ್ಗೆ ಏನು ತಿನ್ನುತ್ತಿದ್ದರು? ಕೇಳಿ ಬರೆಯಿರಿ.
3. ಒಲೆ ಹಚ್ಚದೆ ಮಾಡಬಹುದಾದ ಇನ್ನೊಂದು ತಿಂಡಿ ಯಾವುದು? ಮುಂದಿನ ಸಂಚಿಕೆಗೆ ಬರೆದುಕೊಡಿ.

ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ