ಜ್ವರ ಬಿಟ್ಟ ಮರುದಿನ ಪಂದ್ಯ ಆಡಬಹುದೇ?

ಬೋಧನಾಭ್ಯಾಸ: ಸುಂಕದಕಟ್ಟೆ. ಪ್ರಥಮ ಪಿಯುಸಿ, ಆರೋಗ್ಯ ಮತ್ತು ದೈಹಿಕ ಶಿಕ್ಷಣ.

ಉದ್ದೇಶ: ಕಾಯಿಲೆಯು ಆಟವನ್ನು ಹೇಗೆ ಕುಂದಿಸುತ್ತದೆಂದು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸುವರು.

ಪೀಠಿಕೆ: 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ನೆನಪಿಸಿ. “ಡೆಂಗಿ ಜ್ವರ ನಿನ್ನೆ ಬಿಟ್ಟಿದೆ, ಇಂದು ಅಂತರ ಕಾಲೇಜು ಫುಟ್‌ಬಾಲ್ ಪಂದ್ಯ. ಆಡಬಹುದೇ?” ಎಂದು ಕೇಳಿ, ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ.

ನಿರೂಪಣೆ: ಮೈಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿಬಡಿತ ನಿಮಿಷಕ್ಕೆ ಸುಮಾರು 10 ಹೆಚ್ಚುತ್ತದೆ. ಬೆವರಿ ನೀರಿನಂಶವೂ ಕಡಿಮೆಯಾಗುತ್ತದೆ. ಆದ್ದರಿಂದ 90 ನಿಮಿಷದ ಆಟದಲ್ಲಿ ಆಟಗಾರ ಬೇಗ ದಣಿಯುತ್ತಾನೆ. ಡೆಂಗಿಯಲ್ಲಿ ಅಪಾಯದ ಹಂತ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವಾಗ. ಪ್ಲೇಟ್‌ಲೆಟ್ ಕುಸಿದಿದ್ದರೆ ಮೈಗೆ ಬಿದ್ದ ಪೆಟ್ಟು ರಕ್ತಸ್ರಾವಕ್ಕೆ ದಾರಿಯಾಗಬಹುದು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಊತ ತರುತ್ತವೆ. ಆಗ ಓಡುವುದು ಪ್ರಾಣಕ್ಕೇ ಕುತ್ತು.

ಚಟುವಟಿಕೆ: ಬೆಳಿಗ್ಗೆ ಎದ್ದೊಡನೆ ನಾಡಿ ಎಣಿಸಿ ಒಂದು ವಾರ ದಾಖಲಿಸಲಿ. ಎಂದಿಗಿಂತ ತುಂಬ ಹೆಚ್ಚಿದ್ದರೆ ತರಬೇತುದಾರರಿಗೆ ತಿಳಿಸಲಿ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ತಂಡದಲ್ಲಿ ಸ್ಥಾನ ತಪ್ಪೀತೆಂಬ ಭಯಕ್ಕೆ ಮಕ್ಕಳು ಜ್ವರ ಮುಚ್ಚಿಡುತ್ತಾರೆ. ಗುಣವಾದ ಮೇಲೆ ಸ್ಥಾನ ಉಂಟು ಎಂಬ ಭರವಸೆಯನ್ನು ಮೊದಲು ಕೊಡಿ. ಇಲ್ಲದಿದ್ದರೆ ಪಾಠ ಪುಸ್ತಕದಲ್ಲೇ ಉಳಿಯುತ್ತದೆ.

ಮೌಲ್ಯಮಾಪನ: ಜ್ವರ ಬಿಟ್ಟ ಗೆಳೆಯನಿಗೆ ಆಡಬೇಡವೆನ್ನಲು ಎರಡು ಕಾರಣ ಬರೆಯಿರಿ. ಮತ್ತೆ ಆಡಲು ಯಾರ ಒಪ್ಪಿಗೆ ಬೇಕು?