ಇಂದಿನ ಧಮ್ಮ ಚಿಂತನೆ: ಮೊದಲು ಮುಟ್ಟಿದ ಕೈ



ಇಂದು ಡಿಸೆಂಬರ್ 25. 1927ರ ಇದೇ ದಿನ ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ. 2018ರ ಇದೇ ತಾರೀಖಿನಂದು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಸೂಲಗಿತ್ತಿ ನರಸಮ್ಮನವರು ತೀರಿಕೊಂಡರು. ನಿವೃತ್ತ ನರ್ಸಮ್ಮಳಾದ ನನಗೆ ಈ ಎರಡು ನೆನಪೂ ಒಟ್ಟಿಗೇ ಬರುತ್ತವೆ. ಯಾಕೆ ಎಂದು ಇಂದು ಹೇಳಿಕೊಳ್ಳುತ್ತೇನೆ.

ನರಸಮ್ಮನವರು ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಮನೆಮಾತು ತೆಲುಗು. ಶಾಲೆ ಕಂಡವರಲ್ಲ. 12ನೇ ವಯಸ್ಸಿಗೆ ಮದುವೆ. ತಾವೇ 12 ಮಕ್ಕಳನ್ನು ಹೆತ್ತು, ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಹೆರಿಗೆ ಮಾಡಿಸುವ ವಿದ್ಯೆಯನ್ನು ಅಜ್ಜಿಯಿಂದ ಕಲಿತರು. ಊರಿಗೆ ಬರುತ್ತಿದ್ದ ಅಲೆಮಾರಿಗಳ ಹತ್ತಿರ ಕೂತು ಬಸುರಿಯರಿಗೆ ಕೊಡುವ ನಾಟಿ ಔಷಧಿಗಳನ್ನು ತಿಳಿದುಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. ಸುಮಾರು 70 ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಹಣ ಪಡೆಯದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆ ದೂರವಿದ್ದ ಆ ಬರದ ಸೀಮೆಯಲ್ಲಿ, ಕರೆ ಬಂದ ಮನೆಗೆ ಹೊರಟು ಎರಡು ಜೀವಗಳ ಹೊಣೆ ಹೊರುವುದು ಎಂಥ ಸಾಹಸ ಎಂಬುದು ಆ ಕೆಲಸ ಮಾಡಿದವರಿಗೆ ಗೊತ್ತು.

ಈಗ ಸುಟ್ಟ ಪುಸ್ತಕಕ್ಕೆ ಬನ್ನಿ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಯಾರನ್ನು ಮುಟ್ಟಿದರೆ ಸ್ನಾನ ಮಾಡಿ ಶುದ್ಧವಾಗಬೇಕು ಎಂಬ ಪಟ್ಟಿ. ಅದರಲ್ಲಿ ಚಂಡಾಲನಿದ್ದಾನೆ, ಮುಟ್ಟಾದ ಹೆಂಗಸಿದ್ದಾಳೆ, ಹೆಣವಿದೆ. ಜೊತೆಗೆ ಹೆತ್ತ ಬಾಣಂತಿಯೂ ಇದ್ದಾಳೆ. ಅಂದರೆ ಜೀವ ಕೊಟ್ಟ ತಾಯಿಗೂ ನಮ್ಮ ಹಿರಿಯರಿಗೂ ಅಲ್ಲಿ ಒಂದೇ ಸಾಲು! ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಮುಟ್ಟುವುದು ಸೂಲಗಿತ್ತಿಯ ಕೈ. ಆ ಕೈಯಿಲ್ಲದೆ ಯಾವ ಮಡಿವಂತನೂ ಭೂಮಿಗೆ ಇಳಿಯಲಿಲ್ಲ.

ಇದನ್ನು ಹೇಳುವ ನನ್ನ ಕೈಯೂ ಶುಚಿಯಾಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡುತ್ತಿದ್ದೆ. ಐದು ಶುಚಿ ಎಂದು ಬಾಯಿಪಾಠ ಮಾಡಿಸುತ್ತಿದ್ದೆ: ಶುಚಿ ಕೈ, ಶುಚಿ ಹಾಸು, ಶುಚಿ ಬ್ಲೇಡು, ಶುಚಿ ದಾರ, ಶುಚಿ ಹೊಕ್ಕುಳು. ಹೊಕ್ಕುಳಿಗೆ ನಂಜಾಗಿ ಧನುರ್ವಾಯುವಿನಿಂದ ಕೂಸುಗಳು ಸಾಯುತ್ತಿದ್ದ ಕಾಲ ಅದು. ಆ ಪಾಠ ಬೇಕೇ ಇತ್ತು. ಆದರೆ ಟೀ ಹೊತ್ತಿಗೆ ಎಲ್ಲರಿಗೂ ಸ್ಟೀಲ್ ಲೋಟ ಕೊಟ್ಟು, ಒಬ್ಬ ಅಜ್ಜಿಗೆ ಮಾತ್ರ ಕಿಟಕಿಯ ಮೂಲೆಯಲ್ಲಿ ಬೇರೆ ಇಟ್ಟಿದ್ದ ಲೋಟ ಕೊಟ್ಟೆ. ನಾನು ಬಲಗೈ ಕೇರಿಯವಳು, ಅಜ್ಜಿ ಎಡಗೈ ಕೇರಿಯವರು. ಅಜ್ಜಿ ಏನೂ ಅನ್ನಲಿಲ್ಲ. ಕುಡಿದು, ತಾನೇ ತೊಳೆದು, ಮತ್ತೆ ಅದೇ ಮೂಲೆಗೆ ಇಟ್ಟರು.

ಆ ವಾರವೇ ರಾತ್ರಿ ಮೇಲ್ಜಾತಿಯ ಒಂದು ಮನೆಯಿಂದ ಕರೆ ಬಂತು. ಕೂಸಿನ ತಲೆ ಬಂದು ಭುಜ ಸಿಕ್ಕಿಕೊಂಡಿತು. ನನಗೆ ಕೈಕಾಲು ಆಡಲಿಲ್ಲ. ಪಕ್ಕದಲ್ಲಿದ್ದ ಅದೇ ಅಜ್ಜಿ, "ಹೆದರ್ಕಬ್ಯಾಡ ಕಣವ್ವ, ಅವಳನ್ನ ಹೊರಳ್ಸಿ ಅಂಬೆಗಾಲಲ್ಲಿ ನಿಲ್ಸು" ಎಂದರು. ಇಬ್ಬರೂ ಹಿಡಿದು ಹೊರಳಿಸಿದೆವು. ಕೂಸು ಬಂತು, ಅತ್ತಿತು.

ಬೆಳಗಿನ ಜಾವ ಹಿತ್ತಲಲ್ಲಿ ಕುಡಿಯಲು ನೀರು ಕೇಳಿದೆವು. ಆ ಮನೆಯವರು ಚೊಂಬನ್ನು ಎತ್ತಿ ಹಿಡಿದು ನಮ್ಮ ಬೊಗಸೆಗೆ ಸುರಿದರು. ನನ್ನ ಬಿಳಿ ಸೀರೆ, ಸರ್ಕಾರಿ ಕೆಲಸ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನನ್ನ ಬೊಗಸೆಗೂ ಅಜ್ಜಿಯ ಬೊಗಸೆಗೂ ನೀರು ಒಂದೇ ಎತ್ತರದಿಂದ ಬಿತ್ತು. ನನಗೆ ಆ ಮನೆಯವರ ಮೇಲೆ ಸಿಟ್ಟು ಬಂತು. ಮರುಕ್ಷಣ ಕಿಟಕಿಯ ಲೋಟ ನೆನಪಾಯಿತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಮೇಲಿನವರು ತುಳಿದರೆ ನೋವು, ಕೆಳಗೆ ಒಬ್ಬರಿದ್ದಾರೆ ಎಂಬುದೇ ಸಮಾಧಾನ. ಮಹಾಡ್‌ನಲ್ಲಿ ಸುಟ್ಟ ಪುಸ್ತಕದ ಒಂದು ಹಾಳೆ ನನ್ನ ಕಿಟಕಿಯಲ್ಲಿ ಉಳಿದಿತ್ತು.

ಲೋಟವನ್ನು ಮಾರನೆಯ ದಿನ ತೆಗೆದೆ. ಅಜ್ಜಿಯ ಮುಂದೆ ತಪ್ಪಾಯಿತು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಇವತ್ತು, ನಾಳೆ ಎನ್ನುತ್ತಿದ್ದಾಗಲೇ ಅವರು ಹೋಗಿಬಿಟ್ಟರು.

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಭಿಕ್ಷುವೊಬ್ಬ ಭೇದಿಯಾಗಿ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಅವನಿಂದ ತಮಗೆ ಉಪಯೋಗವಿಲ್ಲವೆಂದು ಉಳಿದ ಭಿಕ್ಷುಗಳು ಹತ್ತಿರ ಸುಳಿದಿರಲಿಲ್ಲ. ಭಗವಾನರು ಆನಂದನಿಂದ ನೀರು ತರಿಸಿದರು. ತಾವೇ ನೀರು ಸುರಿದರು, ಆನಂದ ತೊಳೆದ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಹಾಸಿಗೆಗೆ ಮಲಗಿಸಿದರು. ಆಮೇಲೆ ಸಂಘಕ್ಕೆ ಹೇಳಿದರು: ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು. ರೋಗಿಗಳ ಬಗ್ಗೆ ಬುದ್ಧರಿಗಿದ್ದ ಕಾಳಜಿಯನ್ನು ಬಾಬಾಸಾಹೇಬರೂ ತಮ್ಮ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ.

ನೀರು ಸುರಿಯುವುದರಲ್ಲೇ ಎರಡು ಬಗೆ ನೋಡಿ. ಮುಟ್ಟಬಾರದೆಂದು ಮೇಲಿನಿಂದ ಸುರಿಯುವುದು ಒಂದು. ಮುಟ್ಟಿ ತೊಳೆಯಲೆಂದು ಬಗ್ಗಿ ಸುರಿಯುವುದು ಇನ್ನೊಂದು. ಎರಡನೆಯದು ಧಮ್ಮ.

ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಜ್ಞೆ ಬೇಕು. ಆದರೆ ನರಸಮ್ಮನವರಂಥವರ ಕೈಯಲ್ಲಿದ್ದ ಕರುಣೆಯನ್ನು ಯಾವ ತರಬೇತಿಯೂ ತಾನಾಗಿ ಕೊಡುವುದಿಲ್ಲ. ದೀಕ್ಷೆಯ 22 ಪ್ರತಿಜ್ಞೆಗಳಲ್ಲಿ 9ನೆಯದು ಸಮಾನತೆಯನ್ನು ನಂಬಲು, 10ನೆಯದು ಅದನ್ನು ಸ್ಥಾಪಿಸಲು ಶ್ರಮಿಸುವುದಕ್ಕೆ. 9ನೆಯದನ್ನು ವಿಹಾರದಲ್ಲಿ ಹೇಳಿ ಮುಗಿಸಬಹುದು. 10ನೆಯದಕ್ಕೆ ಅಡುಗೆಮನೆಗೆ, ಸಂಬಂಧ ಕೂಡಿಸುವ ಮಾತಿಗೆ, ಪಕ್ಕದ ಕೇರಿಗೆ ಹೋಗಬೇಕಾಗುತ್ತದೆ.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ, ಮನಸ್ಸಿನಲ್ಲಿ ಬೇರೆ ಇಟ್ಟ ಲೋಟ ಯಾವುದು? ಅದನ್ನು ಇಂದೇ ತೆಗೆಯೋಣ. ಕ್ಷಮೆ ಕೇಳಬೇಕಾದವರು ಬದುಕಿದ್ದರೆ ನಾಳೆಗೆ ಬಿಡಬೇಡಿ, ಒಂದು ಫೋನ್ ಮಾಡಿ.

ಸೂಲಗಿತ್ತಿ ನರಸಮ್ಮನವರಿಗೂ, ಹೆಸರು ಬರೆಯದೆ ಉಳಿದ ಆ ಅಜ್ಜಿಗೂ ನಮನಗಳು.

ಸಾಧು, ಸಾಧು, ಸಾಧು. ಜೈ ಭೀಮ್.

— ತ್ಯಾಮಗೊಂಡ್ಲಿನಿಂದ ನಿಮ್ಮ ಧಮ್ಮ ಸಹೋದರಿ