ಎಕ್ಲಿಪ್ಸ್‌ನಲ್ಲಿ ಪ್ಯಾಕೇಜ್ ಎಕ್ಸ್‌ಪ್ಲೋರರ್ ಕಾಣ್ತಿಲ್ವಾ?

ಜಾವಾ ಲ್ಯಾಬ್‌ನಲ್ಲಿ ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಒಬ್ಬರು ಕೈ ಎತ್ತಿ ಹೇಳೋ ಮಾತು: "ಸಾರ್, ನನ್ನ ಪ್ರಾಜೆಕ್ಟ್ ಪೂರ್ತಿ ಹೋಯ್ತು!" ಹೋಗಿ ನೋಡಿದರೆ ಪ್ರಾಜೆಕ್ಟ್ ಎಲ್ಲೂ ಹೋಗಿರಲ್ಲ. ಎಡಗಡೆ ಇರಬೇಕಾದ ಪ್ಯಾಕೇಜ್ ಎಕ್ಸ್‌ಪ್ಲೋರರ್ ಮಾತ್ರ ಮಾಯವಾಗಿರುತ್ತೆ. ಗಾಬರಿಯಲ್ಲಿ ಕೆಲವರು ಹೊಸ ಪ್ರಾಜೆಕ್ಟ್ ತೆರೆದು ಮೊದಲಿಂದ ಟೈಪ್ ಮಾಡೋಕೆ ಶುರು ಮಾಡ್ತಾರೆ. ಇಂಟರ್ನಲ್ಸ್ ಟೈಮಲ್ಲಿ ಇದು ಸುಮ್ಮನೆ ದಂಡ.

ನಮ್ಮ ಕೋಡ್ ಇರೋದು ಡಿಸ್ಕ್‌ನಲ್ಲಿ, ಸಾಮಾನ್ಯವಾಗಿ ವರ್ಕ್‌ಸ್ಪೇಸ್ ಫೋಲ್ಡರ್ ಒಳಗೆ. ನಾವು ಪ್ಯಾನೆಲ್ ಅಂತ ಕರೆಯೋದನ್ನ ಎಕ್ಲಿಪ್ಸ್ 'ವ್ಯೂ' ಅನ್ನುತ್ತೆ. ಅದು ಬರೀ ಕಿಟಕಿ. ಅನುಮಾನ ಇದ್ದರೆ ವರ್ಕ್‌ಸ್ಪೇಸ್ ಫೋಲ್ಡರ್ ತೆರೆದು ನೋಡಿ, ನಿಮ್ಮ ಜಾವಾ ಫೈಲ್‌ಗಳು ಅಲ್ಲೇ ಇರುತ್ತವೆ.

ಎಡಿಟರ್ ಒಂದೇ ಇಡೀ ಸ್ಕ್ರೀನ್ ತುಂಬಿಕೊಂಡಿದೆಯಾ? ಹಾಗಾದರೆ ಫೈಲ್ ಹೆಸರಿರುವ ಟ್ಯಾಬ್ ಮೇಲೆ ಗೊತ್ತಿಲ್ಲದೆ ಡಬಲ್ ಕ್ಲಿಕ್ ಆಗಿರುತ್ತೆ. ಅದೇ ಟ್ಯಾಬ್ ಮೇಲೆ ಇನ್ನೊಂದು ಸಲ ಡಬಲ್ ಕ್ಲಿಕ್ ಮಾಡಿ, ಇಲ್ಲಾ ಕಂಟ್ರೋಲ್ ಹಿಡಿದು ಎಮ್ ಒತ್ತಿ. ನಾವು ನೋಡಿದ ಮಟ್ಟಿಗೆ ಇದೇ ಜಾಸ್ತಿ ಆಗೋದು. ವ್ಯೂ ಮಿನಿಮೈಸ್ ಆಗಿದ್ದರೆ ಸ್ಕ್ರೀನಿನ ಅಂಚಿನಲ್ಲಿ ಪುಟ್ಟ ಐಕಾನ್‌ಗಳ ಸಾಲು ಕಾಣುತ್ತೆ, ಅಲ್ಲಿರುವ ರಿಸ್ಟೋರ್ ಬಟನ್ ಸಾಕು. ಪೂರ್ತಿ ಮುಚ್ಚಿಯೇ ಹೋಗಿದ್ದರೆ ವಿಂಡೋ ಮೆನು, ಅದರಲ್ಲಿ ಶೋ ವ್ಯೂ, ಅದರಲ್ಲಿ ಪ್ಯಾಕೇಜ್ ಎಕ್ಸ್‌ಪ್ಲೋರರ್. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ಕೆಳಗಿನ 'ಅದರ್' ಒತ್ತಿ, ಜಾವಾ ಗುಂಪಿನಲ್ಲಿ ಹುಡುಕಿ.

ಇಷ್ಟಕ್ಕೂ ಸರಿಹೋಗದಿದ್ದರೆ ವಿಷಯ ಪರ್ಸ್‌ಪೆಕ್ಟಿವ್‌ದು. ಇದನ್ನ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಸರಿಯಾಗಿ ಹೇಳೋದೇ ಇಲ್ಲ ಅನ್ನೋದು ನಮ್ಮ ತಕರಾರು. ಯಾವ ವ್ಯೂಗಳು ಎಲ್ಲೆಲ್ಲಿ ಇರಬೇಕು ಅನ್ನೋ ಒಂದು ಜೋಡಣೆಗೆ ಪರ್ಸ್‌ಪೆಕ್ಟಿವ್ ಅಂತ ಹೆಸರು. ಕೋಡ್ ಬರೆಯೋಕೆ ಜಾವಾ ಪರ್ಸ್‌ಪೆಕ್ಟಿವ್, ತಪ್ಪು ಹುಡುಕೋಕೆ ಡೀಬಗ್ ಪರ್ಸ್‌ಪೆಕ್ಟಿವ್. ಪ್ರತಿಯೊಂದಕ್ಕೂ ಅದರದೇ ಜೋಡಣೆ, ಒಂದರಲ್ಲಿ ಮುಚ್ಚಿದ ವ್ಯೂ ಇನ್ನೊಂದರಲ್ಲಿ ತೆರೆದೇ ಇರಬಹುದು. ಡೀಬಗ್ ಮಾಡುವಾಗ ಪ್ರೋಗ್ರಾಮ್ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ಕೂಡಲೇ, ಪರ್ಸ್‌ಪೆಕ್ಟಿವ್ ಬದಲಿಸಲಾ ಅಂತ ಎಕ್ಲಿಪ್ಸ್ ಕೇಳುತ್ತೆ. 'ರಿಮೆಂಬರ್ ಮೈ ಡಿಸಿಷನ್'ಗೆ ಟಿಕ್ ಹಾಕಿ ಒಪ್ಪಿಕೊಂಡುಬಿಟ್ಟರೆ ಮುಂದಿನ ಸಲದಿಂದ ಕೇಳದೇ ಬದಲಿಸುತ್ತೆ. ಆಗ ನಮಗೆ ಎಲ್ಲಾ ಅದಲು ಬದಲಾದ ಹಾಗೆ ಅನಿಸುತ್ತೆ. ಮೇಲೆ ಬಲಗಡೆ ಮೂಲೆಯಲ್ಲಿರೋ ಜಾವಾ ಐಕಾನ್ ಒತ್ತಿದರೆ ಹಳೇ ಜಾಗಕ್ಕೆ ವಾಪಸ್.

ಜಾವಾ ಪರ್ಸ್‌ಪೆಕ್ಟಿವ್‌ನಲ್ಲೇ ಇದ್ದೂ ಎಲ್ಲಾ ಕಲಸುಮೇಲೋಗರ ಆಗಿದ್ದರೆ ವಿಂಡೋ, ಪರ್ಸ್‌ಪೆಕ್ಟಿವ್, ರಿಸೆಟ್ ಪರ್ಸ್‌ಪೆಕ್ಟಿವ್. ಕೋಡ್‌ಗೆ ಏನೂ ಆಗಲ್ಲ, ಜೋಡಣೆ ಮಾತ್ರ ಮೊದಲಿನಂತಾಗುತ್ತೆ.

ಕನ್ಸೋಲ್ ಕಥೆ ಸ್ವಲ್ಪ ಬೇರೆ. ಪ್ರೋಗ್ರಾಮ್ ಏನಾದರೂ ಪ್ರಿಂಟ್ ಮಾಡಿದಾಗ ಕನ್ಸೋಲ್ ತಾನಾಗೇ ಮುಂದೆ ಬರೋ ಹಾಗೆ ಸೆಟ್ಟಿಂಗ್ ಇದೆ: ಪ್ರಿಫರೆನ್ಸಸ್, ರನ್/ಡೀಬಗ್, ಕನ್ಸೋಲ್. ಆದರೆ "ಸಂಖ್ಯೆ ಕೊಡಿ" ಅಂತ ಒಂದು ಸಾಲೂ ಪ್ರಿಂಟ್ ಮಾಡದೆ ನೇರ ಸ್ಕ್ಯಾನರ್‌ನಿಂದ ಓದೋ ಪ್ರೋಗ್ರಾಮ್ ಆದರೆ? ಅದು ಸುಮ್ಮನೆ ಕಾಯ್ತಾ ಕೂತಿರುತ್ತೆ, ನಾವು ರನ್ನೇ ಆಗ್ತಿಲ್ಲ ಅಂದುಕೊಂಡು ಮತ್ತೆ ಮತ್ತೆ ರನ್ ಒತ್ತುತ್ತಾ ಇರ್ತೀವಿ. ಶೋ ವ್ಯೂನಿಂದ ಕನ್ಸೋಲ್ ತೆರೆದು, ಅದರೊಳಗೆ ಕ್ಲಿಕ್ ಮಾಡಿ ಇನ್‌ಪುಟ್ ಕೊಡಿ.

ಇನ್ನು ನಿಜವಾಗಿ ಕೋಡ್ ಹೋಗೋ ದಾರಿ ಒಂದಿದೆ. ಪ್ಯಾನೆಲ್ ವಾಪಸ್ ಬಂದ ಮೇಲೆ, ಗಾಬರಿಯಲ್ಲಿ ಮಾಡಿದ ಡೂಪ್ಲಿಕೇಟ್ ಪ್ರಾಜೆಕ್ಟ್ ಡಿಲೀಟ್ ಮಾಡೋಕೆ ಹೋಗ್ತೀರಲ್ಲ, ಆಗ ಬರೋ ಡಬ್ಬಿಯಲ್ಲಿ ಡಿಸ್ಕ್‌ನಿಂದಲೂ ಅಳಿಸಬೇಕಾ ಅನ್ನೋ ಟಿಕ್ ಇರುತ್ತೆ. ಟಿಕ್ ಹಾಕದಿದ್ದರೆ ಪ್ರಾಜೆಕ್ಟ್ ಪಟ್ಟಿಯಿಂದ ಮಾತ್ರ ಹೋಗುತ್ತೆ, ಫೈಲ್ ಮೆನುವಿನ ಇಂಪೋರ್ಟ್‌ನಿಂದ ಮತ್ತೆ ತರಬಹುದು. ಟಿಕ್ ಹಾಕೋಕೆ ಮುಂಚೆ ಪ್ರಾಜೆಕ್ಟ್ ಹೆಸರನ್ನ ಎರಡು ಸಲ ಓದಿ.